ಸುಗ್ಗಿಯ ಹಬ್ಬವೂ ಸರ್ಕಾರದ ರಜಾ ದಿನವೂ

ಬೆಳೆಯು ಕೈಸೇರಿದಾಗ ಹಬ್ಬ ಮಾಡದ ಒಕ್ಕಲು ಜನ ಭೂಮಂಡಲದಲ್ಲಿ ಅಪರೂಪ. ಧಾನ್ಯ ಬೇರೆ, ತಿಂಗಳು ಬೇರೆ, ಪೂಜೆಗೊಳ್ಳುವ ದೈವವೂ ಬೇರೆ. ಆದರೂ ಹೊಸ ಧಾನ್ಯವನ್ನು ಮೊದಲು ದೇವರಿಗೂ ಹಿರಿಯರಿಗೂ ಒಪ್ಪಿಸಿ ಆಮೇಲೆ ತಾವು ಉಣ್ಣುವ ಪದ್ಧತಿಯು ಬಹು ದೇಶಗಳಲ್ಲಿ ಒಂದೇ ಬಗೆಯಾಗಿ ಕಂಡುಬರುತ್ತದೆ. ಕೆಲವು ದೇಶಗಳು ಈ ಹಬ್ಬವನ್ನು ಹೊಲದ ಬದುವಿನಿಂದ ಎತ್ತಿ ಇಡೀ ರಾಷ್ಟ್ರದ ರಜಾ ದಿನವನ್ನಾಗಿ ಮಾಡಿರುತ್ತವೆ. ಇನ್ನು ಕೆಲವು ಅದನ್ನು ಊರಿನ ಪಾಲಿಗೆ ಬಿಟ್ಟಿವೆ. ರೈತರಿಗೂ ಅಂತಹ ಒಂದು ರಾಷ್ಟ್ರೀಯ ಹಬ್ಬವನ್ನು ಗೊತ್ತುಮಾಡಬೇಕೆಂಬ ಮಾತು ಸಭೆಗಳಲ್ಲಿ ಆಗಾಗ್ಗೆ ಕೇಳಿಬರುವುದರಿಂದ, ಹಾಗೆ ಮಾಡಿದ ದೇಶಗಳಲ್ಲಿ ಆದದ್ದೇನು ಎಂಬುದನ್ನು ಗ್ರಾಮದ ಮುಖಂಡರೂ ಜಮೀನುಳ್ಳವರೂ ತಿಳಿದಿರುವುದು ಉಚಿತ. ರಜೆಯನ್ನು ಸರ್ಕಾರದವರು ಕೊಡಬಲ್ಲರು. ಕೊಯ್ದವನಿಗೆ ಬೆಳೆಯಲ್ಲಿ ಸಲ್ಲತಕ್ಕ ಪಾಲನ್ನು ಕೊಡುವುದು ಹೊಲದ ಯಜಮಾನನ ಕೈಯಲ್ಲಿದೆ. ಆ ಪಾಲು ತಪ್ಪಿದ ಮೇಲೆ ಹಬ್ಬವೆಂಬುದು ಪಂಚಾಂಗದ ಒಂದು ಗುರುತು ಮಾತ್ರವಾಗುತ್ತದೆ.

ಈ ಬಗೆಯ ಹಬ್ಬಗಳಲ್ಲಿ ಲೋಕಪ್ರಸಿದ್ಧವಾದುದು ಅಮೆರಿಕಾ ಸಂಯುಕ್ತ ಸಂಸ್ಥಾನಗಳ ಕೃತಜ್ಞತಾ ದಿನ. ಇದರ ಮೂಲವನ್ನು 1621ನೆಯ ಇಸವಿಯ ಶರತ್ಕಾಲಕ್ಕೆ ಒಯ್ಯುವುದು ವಾಡಿಕೆ. ಇಂಗ್ಲೆಂಡಿನಿಂದ ಹಡಗೇರಿ ಬಂದು ಪ್ಲಿಮತ್ ಎಂಬಲ್ಲಿ ಇಳಿದ ಸುಮಾರು 100 ಮಂದಿಯಲ್ಲಿ ಮೊದಲನೆಯ ಚಳಿಗಾಲವನ್ನು ಕಳೆದು ಉಳಿದವರು ಅರ್ಧದಷ್ಟು. ಅವರಿಗೆ ಅಲ್ಲಿಯ ಮಣ್ಣು ಹೊಸದು, ಬೀಜ ಹೊಸದು. ಮೀನನ್ನು ಗೊಬ್ಬರವಾಗಿ ಹಾಕಿ ಮೆಕ್ಕೆಜೋಳವನ್ನು ಬೆಳೆಯುವ ಕ್ರಮವನ್ನು ಅವರಿಗೆ ಕಲಿಸಿದವನು ಟಿಸ್ಕ್ವಾಂಟಮ್ ಎಂಬ ಆ ನಾಡಿನ ಮೂಲನಿವಾಸಿ. ಅವರು ಸುಮಾರು 20 ಎಕರೆ ಮೆಕ್ಕೆಜೋಳವನ್ನೂ 6 ಎಕರೆಯಷ್ಟು ಬಾರ್ಲಿ ಮತ್ತು ಬಟಾಣಿಯನ್ನೂ ಹಾಕಿದರು. ಮೆಕ್ಕೆಜೋಳ ಚೆನ್ನಾಗಿ ಬಂದಿತು, ಬಾರ್ಲಿ ಸಾಧಾರಣ, ತಾವು ಊರಿನಿಂದ ತಂದ ಬಟಾಣಿಯು ಹೂವಿನಲ್ಲಿಯೇ ಬಿಸಿಲಿಗೆ ಸುಟ್ಟುಹೋಯಿತು. ಹೊಸ ನೆಲದಲ್ಲಿ ಹಳೆಯ ಬೀಜವನ್ನು ನೆಚ್ಚಿಕೊಳ್ಳುವವರಿಗೆ ಇದೊಂದು ಪಾಠವೆಂದು ಹೇಳಬಹುದು. ಕೊಯ್ಲಾದ ಮೇಲೆ ಮೂರು ದಿವಸ ಔತಣ ನಡೆಯಿತು. ವಾಂಪನೋಗ್ ಕುಲದ ಒಡೆಯನಾದ ಮ್ಯಾಸಸೋಯಿಟನು 90 ಮಂದಿಯೊಡನೆ ಬಂದು, ಐದು ಜಿಂಕೆಗಳನ್ನು ತಂದುಕೊಟ್ಟನು. ಬೆಳೆ ಕಲಿಸಿದವರೂ ಬೆಳೆದವರೂ ಒಂದೆಡೆ ಕುಳಿತು ಉಂಡರು.

ಆ ಪಂಕ್ತಿ ಹೆಚ್ಚು ಕಾಲ ನಡೆಯಲಿಲ್ಲ. ವಲಸೆಗಾರರ ಸಂಖ್ಯೆ ಏರಿದಂತೆಲ್ಲ ನೆಲವು ಒಬ್ಬರಿಂದ ಒಬ್ಬರಿಗೆ ಜಾರಿತು. 1675ರಲ್ಲಿ ಯುದ್ಧ ಹತ್ತಿತು. ಮ್ಯಾಸಸೋಯಿಟನ ಮಗನಾದ ಮೆಟಕಾಮನು 1676ರಲ್ಲಿ ಹತನಾಗಿ, ಅವನ ತಂದೆ ಅತಿಥಿಯಾಗಿ ಉಂಡಿದ್ದ ಅದೇ ಪ್ಲಿಮತಿನಲ್ಲಿ ಅವನ ತಲೆಯನ್ನು ಕಂಬಕ್ಕೆ ಸಿಕ್ಕಿಸಿದರು. ಆದಕಾರಣ ಇಡೀ ದೇಶವು ಸಂತೋಷಪಡುವ ಆ ದಿನದಂದೇ ಮೂಲನಿವಾಸಿಗಳಲ್ಲಿ ಅನೇಕರು 1970ರಿಂದ ಪ್ಲಿಮತಿನಲ್ಲಿ ನೆರೆದು ಶೋಕದಿನವನ್ನು ಆಚರಿಸುತ್ತ ಬಂದಿದ್ದಾರೆ. ಒಂದೇ ಸುಗ್ಗಿಯ ನೆನಪನ್ನು ಒಂದು ಜನ ಹಬ್ಬವಾಗಿಯೂ ಇನ್ನೊಂದು ಜನ ತಿಥಿಯಾಗಿಯೂ ಮಾಡುವ ಉದಾಹರಣೆ ಬೇರೆ ಕಡೆಗಳಲ್ಲಿ ವಿರಳ.

ಈ ಹಬ್ಬದ ತಾರೀಖಿನ ಕಥೆಯೂ ಕುತೂಹಲಕರವಾದುದು. ಸಾರಾ ಜೋಸೆಫಾ ಹೇಲ್ ಎಂಬ ಪತ್ರಿಕಾಸಂಪಾದಕಿ ಬಹು ವರ್ಷ ಪಟ್ಟುಹಿಡಿದು ಬರೆದುದರ ತರುವಾಯ, ಅಂತರ್ಯುದ್ಧದ ನಡುವೆ 1863ರಲ್ಲಿ ಅಧ್ಯಕ್ಷ ಲಿಂಕನ್ನರು ನವೆಂಬರ್ ತಿಂಗಳ ಕಡೆಯ ಗುರುವಾರವನ್ನು ಗೊತ್ತುಮಾಡಿದರು. 1939ರಲ್ಲಿ ಆ ತಿಂಗಳಿಗೆ ಐದು ಗುರುವಾರಗಳು ಬಂದವು. ಹಬ್ಬ 30ನೆಯ ತಾರೀಖಿಗೆ ಬಿದ್ದರೆ ಕ್ರಿಸ್ಮಸಿನ ವ್ಯಾಪಾರಕ್ಕೆ ದಿವಸಗಳು ಸಾಲವೆಂದು ಅಂಗಡಿಗಳವರು ಮೊರೆಯಿಡಲು, ಅಧ್ಯಕ್ಷ ರೂಸ್ವೆಲ್ಟರು ಅದನ್ನು ಒಂದು ವಾರ ಹಿಂದಕ್ಕೆ ತಂದರು. ಸಂಸ್ಥಾನಗಳಲ್ಲಿ ಹೆಚ್ಚುಕಡಮೆ ಅರ್ಧದಷ್ಟು ಒಪ್ಪಿ, ಉಳಿದವು ಹಳೆಯ ದಿನವನ್ನೇ ಹಿಡಿದುವು. ಒಂದೇ ದೇಶದಲ್ಲಿ ಎರಡು ಹಬ್ಬವಾಯಿತು. ಕಡೆಗೆ 1941ರ ಕಾಯಿದೆಯು ನಾಲ್ಕನೆಯ ಗುರುವಾರವೆಂದು ನಿಲ್ಲಿಸಿತು. ಈ ಚರ್ಚೆಯಲ್ಲಿ ತೆನೆ ಯಾವಾಗ ಬಲಿಯುತ್ತದೆ ಎಂಬ ಪ್ರಶ್ನೆಗೆ ಸ್ಥಳವೇ ಇರಲಿಲ್ಲ. ಇದಕ್ಕಿಂತಲೂ ನೋಡತಕ್ಕ ಸಂಗತಿ ಇನ್ನೊಂದಿದೆ. ತಾರೀಖು ಬದಲಾದುದಕ್ಕೆ ಹಿಂದಿನ ವರ್ಷ, ಎಂದರೆ 1938ರಲ್ಲಿ, ಆ ದೇಶವು ಕನಿಷ್ಠ ಕೂಲಿಯ ಕಾಯಿದೆಯನ್ನು ಮಾಡಿದಾಗ ಬೇಸಾಯದ ಕೂಲಿಯವರನ್ನು ಹೊರಗಿಟ್ಟಿತು. ಅವರಲ್ಲಿ ಕೆಲವರಿಗಾದರೂ ಅದು ಅನ್ವಯಿಸಿದ್ದು 1966ರ ತಿದ್ದುಪಡಿಯಿಂದ. ಹೀಗೆ ವರ್ಷಕ್ಕೊಮ್ಮೆ ಇಡೀ ರಾಷ್ಟ್ರವು ಅನ್ನಕ್ಕಾಗಿ ಕೃತಜ್ಞತೆಯನ್ನು ಹೇಳುತ್ತಿದ್ದ ಕಾಲದಲ್ಲಿಯೇ, ಆ ಅನ್ನವನ್ನು ಕೊಯ್ದ ಕೈಗೆ ಕಾನೂನಿನ ಆಸರೆ ಇರಲಿಲ್ಲ.

ನೆರೆಯ ಕೆನಡಾದಲ್ಲಿ ಇದೇ ಹಬ್ಬವು 1957ರಿಂದ ಅಕ್ಟೋಬರ್ ತಿಂಗಳ ಎರಡನೆಯ ಸೋಮವಾರಕ್ಕೆ ನಿಂತಿದೆ. ಉತ್ತರದ ಶೀತದೇಶದಲ್ಲಿ ಕೊಯ್ಲು ಬೇಗ ಮುಗಿಯಬೇಕಾದುದರಿಂದ ಆ ದಿನವು ಹೊಲಕ್ಕೆ ಹೆಚ್ಚು ಹತ್ತಿರವಾಗಿದೆಯೆನ್ನಬಹುದು.

ತಾರೀಖನ್ನು ಸರ್ಕಾರದ ಬದಲು ಚಂದ್ರನು ಗೊತ್ತುಮಾಡಿದರೂ ತೊಂದರೆ ತಪ್ಪುವುದಿಲ್ಲವೆಂಬುದಕ್ಕೆ ಕೊರಿಯಾ ದೇಶವೇ ಸಾಕ್ಷಿ. ಅಲ್ಲಿಯ ಚುಸೋಕ್ ಹಬ್ಬವು ಚಾಂದ್ರಮಾನದ ಎಂಟನೆಯ ತಿಂಗಳ ಹುಣ್ಣಿಮೆಗೆ ಬರುತ್ತದೆ. ದಕ್ಷಿಣ ಕೊರಿಯಾದಲ್ಲಿ ಅದಕ್ಕೆ ಮೂರು ದಿನ ರಜೆ. ಪಟ್ಟಣ ಸೇರಿದವರೆಲ್ಲ ಊರಿಗೆ ಹಿಂದಿರುಗಿ, ಹಿರಿಯರ ಸಮಾಧಿಗಳ ಮೇಲಿನ ಹುಲ್ಲನ್ನು ಕೊಯ್ದು ಹಸನುಮಾಡಿ, ಹೊಸ ಅಕ್ಕಿಯ ಕಡುಬನ್ನು ಎಡೆಯಿಡುತ್ತಾರೆ. ಹುಣ್ಣಿಮೆಯು ಒಂದು ವರ್ಷ ಅಕ್ಟೋಬರಿಗೆ ಬಂದರೆ ಇನ್ನೊಂದು ವರ್ಷ ಸೆಪ್ಟೆಂಬರ್ ಮೊದಲನೆಯ ವಾರಕ್ಕೇ ಬರುತ್ತದೆ. 2014ರಲ್ಲಿ ಅದು ಸೆಪ್ಟೆಂಬರ್ 8ಕ್ಕೆ ಬಿದ್ದಿತು. ಅಷ್ಟು ಹೊತ್ತಿಗೆ ಮುಖ್ಯ ಬತ್ತವು ಇನ್ನೂ ಹಸುರಾಗಿರುತ್ತದೆ. ಆದುದರಿಂದ ಅಲ್ಲಿಯ ರೈತರು ಹಬ್ಬದ ಎಡೆಗೆಂದೇ ಬೇಗ ಬಲಿಯುವ ಬತ್ತದ ತಳಿಗಳನ್ನು ಸ್ವಲ್ಪ ನೆಲದಲ್ಲಿ ಬೆಳೆದು, ಹುಣ್ಣಿಮೆಗೆ ಮುಂಚೆ ಕೊಯ್ದು ಪೇಟೆಗೆ ಕಳುಹಿಸುವುದುಂಟು. ಬೆಳೆಯನ್ನು ಹಬ್ಬವು ಕಾಯಬೇಕಾದ ಕಡೆ ಹಬ್ಬವನ್ನು ಬೆಳೆಯು ಕಾಯುವಂತಾಗಿದೆ. ಆದರೂ ಪಟ್ಟಣದ ಮಕ್ಕಳು ಊರಿನ ಮಣ್ಣನ್ನು ತುಳಿಯುವುದಕ್ಕೆ ಅದೊಂದು ಕಾರಣವಾಗಿ ಉಳಿದಿದೆಯೆಂಬುದನ್ನು ಮರೆಯಲಾಗದು.

ಜಪಾನಿನ ಕಥೆಯು ಜಮೀನುಳ್ಳವರಿಗೆ ವಿಶೇಷವಾಗಿ ಸಂಬಂಧಪಟ್ಟದ್ದು. ಅಲ್ಲಿ ಚಕ್ರವರ್ತಿಯೇ ಹೊಸ ಧಾನ್ಯವನ್ನು ದೇವತೆಗಳಿಗೆ ನಿವೇದಿಸಿ ತಾನೂ ಸ್ವೀಕರಿಸುವ ನೀನಾಮೆ ಎಂಬ ವಿಧಿಯು ಬಹು ಪ್ರಾಚೀನವಾದುದು. ದೇಶದ ಎಲ್ಲ ಪ್ರಾಂತಗಳ ರೈತರು ಒಪ್ಪಿಸಿದ ಅಕ್ಕಿಯೂ ನವಣೆಯೂ ಆ ನೈವೇದ್ಯಕ್ಕೆ ಸಲ್ಲುತ್ತವೆ. ಕನ್ನಡ ನಾಡಿನ ಬಡವರ ನವಣೆಗೆ ಅಲ್ಲಿ ಅರಮನೆಯ ಪೂಜೆಯಲ್ಲಿ ಸ್ಥಾನವಿರುವುದು ಸಂತೋಷದ ಸಂಗತಿ. 1873ರಲ್ಲಿ ಜಪಾನಿನವರು ಹಳೆಯ ಪಂಚಾಂಗವನ್ನು ಬಿಟ್ಟು ಯೂರೋಪಿನ ಪಂಚಾಂಗವನ್ನು ಹಿಡಿದಾಗ ಈ ವಿಧಿಯು ನವೆಂಬರ್ 23ಕ್ಕೆ ನಿಂತು ರಾಷ್ಟ್ರೀಯ ರಜಾ ದಿನವಾಯಿತು. ಆದರೆ ಆ ಕಾಲದಲ್ಲಿ ಗೇಣಿಯ ಬತ್ತವೆಷ್ಟು? ಬಹುಕಡೆಗಳಲ್ಲಿ ಬೆಳೆಯ ಅರ್ಧದಷ್ಟು ಒಡೆಯನ ಕಣಜಕ್ಕೆ ಹೋಗುತ್ತಿದ್ದಿತು. ಚಕ್ರವರ್ತಿಯು ಅರಮನೆಯಲ್ಲಿ ಹೊಸ ಅನ್ನವನ್ನು ಸವಿಯುವ ರಾತ್ರಿ, ಅದನ್ನು ಬೆಳೆದ ಗೇಣಿದಾರನು ಅಗ್ಗದ ಧಾನ್ಯವನ್ನು ಉಣ್ಣುವುದು ಅಪರೂಪವಾಗಿರಲಿಲ್ಲ.

ಎರಡನೆಯ ಮಹಾಯುದ್ಧದಲ್ಲಿ ಸೋತ ಮೇಲೆ ಎರಡು ಕೆಲಸಗಳು ಹೆಚ್ಚುಕಡಮೆ ಒಟ್ಟಿಗೆ ನಡೆದುವು. 1948ರ ಕಾಯಿದೆಯು ನವೆಂಬರ್ 23ರ ಹಬ್ಬಕ್ಕೆ ದುಡಿಮೆಯ ಕೃತಜ್ಞತಾ ದಿನವೆಂದು ಹೊಸ ಹೆಸರನ್ನಿಟ್ಟಿತು. ದುಡಿಮೆಯನ್ನು ಗೌರವಿಸುವುದು, ಉತ್ಪತ್ತಿಗಾಗಿ ಸಂತೋಷಿಸುವುದು, ಪ್ರಜೆಗಳು ಒಬ್ಬರಿಗೊಬ್ಬರು ಕೃತಜ್ಞರಾಗುವುದು ಅದರ ಉದ್ದೇಶವೆಂದು ಸಾರಿತು. ಇನ್ನೊಂದು ಕಡೆ 1946ರ ಕಾಯಿದೆಯ ಮೇರೆಗೆ ಸರ್ಕಾರವು ದೊಡ್ಡ ಒಡೆಯರ ಗೇಣಿಯ ಜಮೀನುಗಳನ್ನು ಕೊಂಡು ಉಳುವವರಿಗೆ ಮಾರಿತು. ಮೊದಲು ಸಾಗುವಳಿಯ ನೆಲದಲ್ಲಿ ನೂರಕ್ಕೆ ಸುಮಾರು 46 ಭಾಗ ಗೇಣಿಯಲ್ಲಿದ್ದುದು ನಾಲ್ಕಾರು ವರ್ಷಗಳಲ್ಲಿ 10ರ ಆಸುಪಾಸಿಗೆ ಇಳಿಯಿತು. ಅರಮನೆಯ ವಿಧಿಯು ಇಂದಿಗೂ ನಡೆಯುತ್ತದೆ. ಚಕ್ರವರ್ತಿಯು ಅರಮನೆಯ ಆವರಣದ ಗದ್ದೆಯಲ್ಲಿ ತಾನೇ ನಾಟಿಮಾಡಿ ತಾನೇ ಕೊಯ್ಯುವ ಪದ್ಧತಿಯೂ 1927ರಿಂದ ಬಂದಿದೆ. ಆದರೆ ಜಪಾನಿನ ಗದ್ದೆಯವನಿಗೆ ಹೊಸ ಅಕ್ಕಿಯ ಅನ್ನವನ್ನು ಕೊಟ್ಟುದು ಹಬ್ಬದ ಹೊಸ ಹೆಸರಲ್ಲ, ಗೇಣಿಯ ಕಾಯಿದೆ. ಕರ್ನಾಟಕದಲ್ಲಿ 1974ರ ಮಾರ್ಚಿ 1ರಿಂದ ಜಾರಿಗೆ ಬಂದ ಭೂಸುಧಾರಣೆಯ ತಿದ್ದುಪಡಿಯನ್ನು ಕಂಡ ಕುಟುಂಬಗಳಿಗೆ ಈ ಮಾತನ್ನು ವಿವರಿಸಿ ಹೇಳಬೇಕಾಗಿಲ್ಲ.

ಇನ್ನು ಇಂಗ್ಲೆಂಡು. ಅಲ್ಲಿ ಸುಗ್ಗಿಗೆಂದು ಸರ್ಕಾರದ ರಜೆ ಯಾವುದೂ ಇಲ್ಲ. ಆದರೆ ಹಬ್ಬವು ಹೊಲದಿಂದ ಹೇಗೆ ಜಾರಿಹೋಗುತ್ತದೆಂಬುದನ್ನು ತಿಳಿಯಲು ಇದಕ್ಕಿಂತ ಉತ್ತಮವಾದ ದೃಷ್ಟಾಂತವಿಲ್ಲ. ಹಿಂದೆ ಅಲ್ಲಿಯ ಪೂರ್ವಜಿಲ್ಲೆಗಳಲ್ಲಿ ಕೊಯ್ಲಿನ ಆಳುಗಳು ತಮ್ಮೊಳಗೊಬ್ಬನನ್ನು ಕೊಯ್ಲಿನ ದೊರೆಯೆಂದು ಆರಿಸುತ್ತಿದ್ದರು. ಕೂಲಿಯೆಷ್ಟು, ಬೀರು ಎಷ್ಟು, ಮುಗಿದ ದಿನ ಊಟವೇನು ಎಂಬುದನ್ನೆಲ್ಲ ಅವನು ಯಜಮಾನನೊಡನೆ ಮೊದಲೇ ಮಾತನಾಡಿ ಗೊತ್ತುಮಾಡುತ್ತಿದ್ದನು. ಕಡೆಯ ಬಂಡಿಯು ಹಸುರು ಕೊಂಬೆಗಳಿಂದ ಅಲಂಕೃತವಾಗಿ ಅಂಗಳಕ್ಕೆ ಬಂದ ರಾತ್ರಿ ಯಜಮಾನನೂ ಆಳುಗಳೂ ಒಂದೇ ಮೇಜಿನಲ್ಲಿ ಕುಳಿತು ಉಣ್ಣುತ್ತಿದ್ದರು. ಹೊರೆ ಸಾಗಿಸಿದ ಮೇಲೆ ಹೊಲದಲ್ಲಿ ಉಳಿದ ಹಕ್ಕಲನ್ನು ಆಯ್ದುಕೊಳ್ಳುವುದು ಬಡವರ ಹೆಂಗಸರು ಮಕ್ಕಳ ಪಾಲು. ಎಲ್ಲರೂ ಒಟ್ಟಿಗೆ ಹೊಲಕ್ಕಿಳಿಯಲೆಂದು ಕೆಲವು ಊರುಗಳಲ್ಲಿ ಬೆಳಗ್ಗೆ ಸಂಜೆ ಚರ್ಚಿನ ಘಂಟೆಯನ್ನೇ ಬಾರಿಸುತ್ತಿದ್ದರು. ಹೀಗೆ ಆಯ್ದ ಗೋಧಿಯು ಚಳಿಗಾಲದ ಹಿಟ್ಟಿಗೆ ಬಹಳ ಆಸರೆಯಾಗಿತ್ತು.

ಸಫೋಕ್ ಜಿಲ್ಲೆಯ ಟಿಮ್‌ವರ್ತ್ ಎಂಬ ಊರಿನಲ್ಲಿ ಮೇರಿ ಹೌಟನ್ ಎಂಬಾಕೆಯು ಹಕ್ಕಲಾಯ್ದುದರ ಮೇಲೆ ವ್ಯಾಜ್ಯವೆದ್ದು 1788ರಲ್ಲಿ ತೀರ್ಪಾಯಿತು. ಹಕ್ಕಲಾಯುವ ಹಕ್ಕು ದೇಶದ ಸಾಮಾನ್ಯ ನ್ಯಾಯದಲ್ಲಿ ಯಾರಿಗೂ ಇಲ್ಲವೆಂದು ಬಹುಮತದ ನ್ಯಾಯಾಧೀಶರು ಹೇಳಿದರು. ಒಬ್ಬರು ಮಾತ್ರ ಭಿನ್ನಾಭಿಪ್ರಾಯವಿಟ್ಟರು. ತೀರ್ಪಿನ ತರುವಾಯವೂ ಹೆಂಗಸರು ಹೊಲಕ್ಕಿಳಿಯುವುದು ನಿಲ್ಲಲಿಲ್ಲ. ಆದರೆ ಅದುವರೆಗೆ ಪಾಲಾಗಿದ್ದುದು ಅಂದಿನಿಂದ ಯಜಮಾನನ ದಯೆಯಾಯಿತು. ಸಾಮಾನ್ಯ ಗೋಮಾಳಗಳಿಗೂ ಬೇಲಿ ಬಿದ್ದುವು. ಒಕ್ಕಣೆಯ ಯಂತ್ರ ಬಂದು, ಚಳಿಗಾಲದಲ್ಲಿ ಬಡಿಗೋಲಿನಿಂದ ತೆನೆ ಬಡಿದು ಬದುಕುತ್ತಿದ್ದವರ ಕೆಲಸವೂ ಹೋಯಿತು. 1830ರಲ್ಲಿ ಕೆಂಟ್ ಜಿಲ್ಲೆಯಲ್ಲಿ ಮೊದಲಾದ ಗಲಭೆಯು ದಕ್ಷಿಣದ ಜಿಲ್ಲೆಗಳಿಗೆಲ್ಲ ಹರಡಿತು. ಆಳುಗಳು ಯಂತ್ರಗಳನ್ನು ಒಡೆದರು, ಬಣವೆಗಳಿಗೆ ಬೆಂಕಿಯಿಟ್ಟರು. 19 ಮಂದಿಯನ್ನು ಗಲ್ಲಿಗೇರಿಸಿ, ನಾನೂರಕ್ಕೂ ಹೆಚ್ಚು ಮಂದಿಯನ್ನು ಸಮುದ್ರದಾಚೆಗೆ ಗಡೀಪಾರು ಮಾಡಿದರು. ಯಂತ್ರವನ್ನು ಒಡೆದುದು ತಪ್ಪೇ ಸರಿ. ಆದರೆ ಹಕ್ಕಲನ್ನೂ ಊಟವನ್ನೂ ಕೆಲಸವನ್ನೂ ಒಂದೊಂದಾಗಿ ಕಳೆದುಕೊಂಡ ಜನರು ಬೆಂಕಿಯನ್ನು ಕೈಗೆತ್ತಿಕೊಂಡದ್ದರಲ್ಲಿ ಆಶ್ಚರ್ಯಪಡತಕ್ಕದ್ದೇನೂ ಇಲ್ಲ.

ಇದಾದ ಹದಿಮೂರು ವರ್ಷಗಳಿಗೆ, 1843ರಲ್ಲಿ, ಕಾರ್ನ್‌ವಾಲಿನ ಮಾರ್ವೆನ್‌ಸ್ಟೋ ಗ್ರಾಮದ ಪಾದ್ರಿಯಾದ ರಾಬರ್ಟ್ ಸ್ಟೀಫನ್ ಹಾಕರ್ ಎಂಬುವರು ಚರ್ಚಿನಲ್ಲಿ ಸುಗ್ಗಿಯ ವಂದನೆಯನ್ನು ಆರಂಭಿಸಿದರು. ಇಂದು ಇಂಗ್ಲೆಂಡಿನ ಶಾಲೆಗಳಲ್ಲಿಯೂ ಚರ್ಚುಗಳಲ್ಲಿಯೂ ಕಾಣುವ ಸುಗ್ಗಿಯ ಹಬ್ಬವು ಅಲ್ಲಿಂದ ಬೆಳೆದುದು. ಅದು ಅಂದವಾದ ಹಬ್ಬ, ಕುಡಿತವಿಲ್ಲ, ಗದ್ದಲವಿಲ್ಲ. ಮಕ್ಕಳು ತಂದ ಹಣ್ಣು ತರಕಾರಿಗಳನ್ನು ಬಡವರಿಗೆ ಹಂಚುವುದೂ ಉಂಟು. ಆದರೆ ಕೂಲಿಯನ್ನು ಮಾತಾಡುತ್ತಿದ್ದ ಆ ಕೊಯ್ಲಿನ ದೊರೆಗೆ ಅದರಲ್ಲಿ ಆಸನವಿಲ್ಲ.

ಬಹು ಹಿಂದೆಯೇ ಈ ಸಂಗತಿಯನ್ನು ಸರಿಯಾಗಿ ಕಂಡವರು ಯೆಹೂದ್ಯರ ಧರ್ಮಶಾಸ್ತ್ರಕಾರರು. ಅವರ ಶಾಸ್ತ್ರಗ್ರಂಥವಾದ ಲೇವಿಯ ಕಾಂಡದಲ್ಲಿ ವರ್ಷದ ಹಬ್ಬಗಳನ್ನು ಸಾಲಾಗಿ ವಿಧಿಸುವ ಒಂದು ಅಧ್ಯಾಯವಿದೆ. ಗೋಧಿಯ ಸುಗ್ಗಿಯ ಹಬ್ಬವನ್ನು ಹೇಳಿ ಮುಗಿಸಿದ ಕೂಡಲೆ, ಮುಂದಿನ ಹಬ್ಬಕ್ಕೆ ಹೋಗುವುದಕ್ಕೆ ಮೊದಲು, ಶಾಸ್ತ್ರವು ಹೊಲದ ಮಾತನ್ನೆತ್ತುತ್ತದೆ: ಹೊಲದ ಮೂಲೆಗಳನ್ನು ಪೂರ್ತಿಯಾಗಿ ಕೊಯ್ಯಬಾರದು, ಉದುರಿದ ತೆನೆಯನ್ನು ತಾನೇ ಬಳಿದುಕೊಳ್ಳಬಾರದು, ಅವು ಬಡವನಿಗೂ ಪರದೇಶಿಗೂ ಸೇರತಕ್ಕವು ಎಂದು. ಪೂಜೆಯ ವಿಧಿಗಳ ನಡುವೆ ಇದನ್ನು ಇಟ್ಟುದು ಆಕಸ್ಮಿಕವಾಗಿರಲಾರದು. ಬಿಡಬೇಕಾದ ಮೂಲೆಯು ಹೊಲದ 60ರಲ್ಲಿ ಒಂದು ಭಾಗಕ್ಕೆ ಕಡಮೆಯಾಗಬಾರದೆಂದು ಅನಂತರದ ಪಂಡಿತರು ಲೆಕ್ಕವನ್ನೂ ಹಾಕಿಟ್ಟರು. ಆ ಹಬ್ಬದ ದಿನ ಅವರ ಅನೇಕ ಮಂದಿರಗಳಲ್ಲಿ ಓದುವ ಕಥೆಯು ಹಕ್ಕಲಾಯಲು ಹೋದ ಪರದೇಶದ ವಿಧವೆಯಾದ ರೂತಳದು.

ಸರ್ಕಾರವು ಸುಗ್ಗಿಯನ್ನು ಪೂರ್ತಿಯಾಗಿ ತನ್ನ ಕೈಗೆ ತೆಗೆದುಕೊಂಡರೆ ಏನಾಗುತ್ತದೆಂಬುದನ್ನು ಜರ್ಮನಿಯು ತೋರಿಸಿದೆ. ಹಿಟ್ಲರನ ಸರ್ಕಾರವು 1933ರಿಂದ 1937ರವರೆಗೆ ಹಾಮೆಲ್ನ್ ಪಟ್ಟಣದ ಬಳಿಯ ಬ್ಯೂಕೆಬೆರ್ಗ್ ಗುಡ್ಡದ ಮೇಲೆ ರಾಷ್ಟ್ರೀಯ ಸುಗ್ಗಿ ಹಬ್ಬವನ್ನು ನಡೆಸಿತು. ವಿಶೇಷ ರೈಲುಗಳಲ್ಲಿ ಲಕ್ಷಾಂತರ ಜನ ಬಂದರು. ಹಳ್ಳಿಯ ಉಡುಪು, ತೆನೆಯ ಕಿರೀಟ, ಅದರ ಜೊತೆಯಲ್ಲಿ ಸೈನ್ಯದ ಅಣಕು ಯುದ್ಧ. ಮೊದಲನೆಯ ಹಬ್ಬಕ್ಕೆ ಎರಡು ದಿನ ಮುಂಚೆ, 1933ರ ಸೆಪ್ಟೆಂಬರ್ 29ರಂದು, ರೈತನ ಆನುವಂಶಿಕ ಹಿಡುವಳಿಯ ಕಾಯಿದೆಯು ಹೊರಟಿತ್ತು. ಅದರ ಪ್ರಕಾರ ಹಿಡುವಳಿಯನ್ನು ಮಾರಕೂಡದು, ಅಡವಿಡಕೂಡದು, ಒಬ್ಬನೇ ವಾರಸುದಾರನಿಗೆ ಸೇರತಕ್ಕದ್ದು. ಯೆಹೂದ್ಯರಿಗೆ ರೈತನೆಂಬ ಹೆಸರೇ ಇಲ್ಲ. ಗುಡ್ಡದ ಮೇಲೆ ರೈತನನ್ನು ಹಾಡಿ ಹೊಗಳಿ, ಕೆಳಗೆ ಅವನ ಜಮೀನಿಗೆ ಬೀಗ ಹಾಕಿದಂತಾಯಿತು. 1938ರಲ್ಲಿ ಚೆಕೊಸ್ಲೊವಾಕಿಯಾದ ಗಡಿಯ ಕಡೆಗೆ ರೈಲುಗಳು ಬೇಕಾಗಲು ಹಬ್ಬ ನಿಂತುಹೋಯಿತು. ಈಗ ಆ ದೇಶದಲ್ಲಿ ಅಕ್ಟೋಬರ್ ಮೊದಲನೆಯ ಭಾನುವಾರ ಚರ್ಚುಗಳಲ್ಲಿ ಶಾಂತವಾಗಿ ಸುಗ್ಗಿಯ ವಂದನೆ ನಡೆಯುತ್ತದೆ.

ಆಫ್ರಿಕಾದ ಘಾನಾ ದೇಶದವರ ಕ್ರಮ ಸ್ವಲ್ಪ ಬೇರೆ. 1983ರ ಬರಗಾಲ, ಕಾಳ್ಗಿಚ್ಚುಗಳ ತರುವಾಯ ಬೆಳೆ ಚೇತರಿಸಿಕೊಂಡಾಗ, 1985ರಲ್ಲಿ ರೈತರ ದಿನವನ್ನು ಆರಂಭಿಸಿದರು. ಮೊದಲ ವರ್ಷದ ಉತ್ತಮ ರೈತನಿಗೆ ಸಿಕ್ಕಿದ ಬಹುಮಾನ ಎರಡು ಮಚ್ಚು, ಒಂದು ಜೊತೆ ರಬ್ಬರ್ ಬೂಟು, ಒಂದು ರೇಡಿಯೋ. ಬರಬರುತ್ತ ಬಹುಮಾನವು ಟ್ರಾಕ್ಟರಿಗೂ ಮನೆಗೂ ಏರಿತು. ಉಪಯೋಗಕ್ಕೆ ಬರುವ ಬಹುಮಾನವೆಂಬುದರಲ್ಲಿ ಸಂಶಯವಿಲ್ಲ. ಆದರೆ ಒಬ್ಬನಿಗೆ ಬಹುಮಾನ ಬಂದಾಗ ಅವನ ಹೊಲದ ಆಳುಗಳಿಗೆ ಬಂದುದೇನೆಂದು ಕೇಳದಿರಲಾಗದು.

ಕನ್ನಡ ನಾಡಿನಲ್ಲಿ ಸುಗ್ಗಿಗೆ ಒಂದೇ ದಿನವಿಲ್ಲ, ಇರಲೂ ಆಗದು. ಕೊಡಗಿನ ಪುತ್ತರಿ ಬೇರೆ, ಕಲಬುರಗಿ ವಿಜಯಪುರಗಳ ಕಡೆ ಬಿಳಿಜೋಳದ ಹೊಲಕ್ಕೆ ಬುತ್ತಿಯನ್ನೊಯ್ದು ಚರಗ ಚೆಲ್ಲುವ ಎಳ್ಳಮಾವಾಸ್ಯೆ ಬೇರೆ, ಹಳೆಯ ಮೈಸೂರಿನ ಸಂಕ್ರಾಂತಿ ಬೇರೆ. ಈ ವೈವಿಧ್ಯವು ಒಂದು ಕೊರತೆಯೆಂದು ತಿಳಿಯುವವರು ಕೊರಿಯಾದ ಹಸುರು ಬತ್ತವನ್ನು ನೆನೆಯಬೇಕು. ಇಲ್ಲಿ ಹಬ್ಬದ ಹೃದಯವಾಗಿದ್ದುದು ಕಣ. ರಾಶಿಪೂಜೆಯಾಗಿ ಅಳತೆ ಮೊದಲಾದಾಗ ಕಮ್ಮಾರ, ಬಡಗಿ, ಅಗಸ, ತಳವಾರ, ನೀರಗಂಟಿ ಮೊದಲಾದ ಆಯಗಾರರಿಗೆ ಅವರವರ ಆಯ ಸಲ್ಲುತ್ತಿತ್ತು, ಕೊಯ್ದ ಆಳಿಗೆ ಸಿವುಡು ಸಲ್ಲುತ್ತಿತ್ತು, ಹಕ್ಕಲು ಬಡವರಿಗೆ. ಈ ಕ್ರಮವನ್ನು ಹೊಗಳಿ ಸುಮ್ಮನಾಗುವುದೂ ನ್ಯಾಯವಲ್ಲ. ರಾಶಿಯನ್ನು ಮುಟ್ಟಲು ಎಲ್ಲ ಜಾತಿಯವರಿಗೂ ಅವಕಾಶವಿರಲಿಲ್ಲ. ಕೆಲವರ ಪಾಲು ಕಣದ ಅಂಚಿನಲ್ಲಿಯೇ ಅವರ ಸೆರಗಿಗೆ ಬೀಳುತ್ತಿತ್ತು, ಅದರ ಹಿಂದೆ ಬಿಟ್ಟಿ ಚಾಕರಿಯ ಕಟ್ಟುಪಾಡೂ ಇತ್ತು. ಅಂತಹ ಆಯವು ಹಿಂದಿರುಗಿ ಬರಬೇಕೆಂದು ವಿವೇಕಿಗಳು ಯಾರೂ ಬಯಸಲಾರರು. ಆದರೆ ಅವಮಾನವನ್ನು ಕಳೆಯುವ ಬದಲು ಪಾಲನ್ನೇ ಕಳೆದರೆ ಅದು ಸುಧಾರಣೆಯಾಗುವುದಿಲ್ಲ.

ಪ್ರಕೃತ ಸ್ಥಿತಿಯಾದರೋ ಕಣವೇ ಮಾಯವಾಗುತ್ತಿರುವುದು. ರಾಗಿಯನ್ನೂ ಹುರುಳಿಯನ್ನೂ ಡಾಂಬರು ರಸ್ತೆಯ ಮೇಲೆ ಹರಡಿ ಹೋಗಿಬರುವ ಗಾಡಿಗಳಿಂದ ಒಕ್ಕಿಸುವುದು ಸುಗ್ಗಿಯ ಕಾಲದ ಸಾಮಾನ್ಯ ದೃಶ್ಯ. ಹುಲ್ಲಿನ ಮೇಲೆ ಜಾರಿ ಬೀಳುವ ದ್ವಿಚಕ್ರವಾಹನದವರ ಅಪಾಯ ಒಂದು ಕಡೆ, ಧಾನ್ಯಕ್ಕೆ ಸೇರುವ ಕಲ್ಲುಮಣ್ಣು ಇನ್ನೊಂದು ಕಡೆ. ತುಂಗಭದ್ರಾ ನಾಲೆಯ ಬತ್ತದ ಬಯಲುಗಳಲ್ಲಿ ಕೊಯ್ಲಿನ ಯಂತ್ರವು ಕೊಯ್ದು, ಒಕ್ಕಿ, ತೂರಿ, ಬತ್ತವನ್ನು ನೇರವಾಗಿ ಟ್ರಾಲಿಗೆ ಸುರಿಯುತ್ತದೆ. ಸಿವುಡಿಲ್ಲದ ಮೇಲೆ ಸಿವುಡಿನ ಪಾಲೆಲ್ಲಿಂದ ಬರಬೇಕು? ಯಂತ್ರವನ್ನು ಬಿಡಬೇಕೆಂದು ಹೇಳುವುದು ಹುಚ್ಚುತನ; ಮಳೆ ಮೋಡ ಕವಿದಾಗ ಆಳು ಸಿಕ್ಕದೆ ಬೆಳೆ ನೆಲಕಚ್ಚಿದ ರೈತನಿಗೆ ಅದರ ಬೆಲೆ ಗೊತ್ತು. ಆದರೆ ಯಂತ್ರದಿಂದ ಉಳಿದ ಖರ್ಚಿನಲ್ಲಿ, ನಾಟಿಯನ್ನೂ ಕಳೆಯನ್ನೂ ಬೆನ್ನು ಬಗ್ಗಿಸಿ ಮಾಡಿದ ಅದೇ ಊರಿನ ಹೆಂಗಸರಿಗೆ ಏನೂ ಸಲ್ಲಬೇಕಾಗಿಲ್ಲವೆಂಬ ವಾದವು ಟಿಮ್‌ವರ್ತಿನ ತೀರ್ಪಿಗಿಂತಲೂ ಕಠಿಣವಾದುದು.

ಇದಕ್ಕೆ ಸರ್ಕಾರದ ರಜೆಯನ್ನು ಕಾಯಬೇಕಾದುದಿಲ್ಲ. ಊರಿನ ಕಡೆಯ ಹೊಲ ಕೊಯ್ಲಾದ ಮೇಲೆ ಮುಖಂಡರು ಕೂಡಿ ದಿನವನ್ನು ಗೊತ್ತುಮಾಡಬಹುದು. ಆ ದಿನಕ್ಕೆ ಮೊದಲು ಆ ವರ್ಷದ ಕೂಲಿಯ ಬಾಕಿಯೆಲ್ಲ ತೀರಿರಬೇಕು. ಬಾಕಿಯಿಟ್ಟುಕೊಂಡು ಹಾಕಿದ ಊಟವು ಉಂಡವನಿಗೆ ರುಚಿಸುವುದಿಲ್ಲ. ಊಟಕ್ಕೆ ಒಂದೇ ಪಂಕ್ತಿ. ರಸ್ತೆಯನ್ನು ಬಿಟ್ಟು ಊರಿಗೊಂದು ಗಟ್ಟಿನೆಲದ ಸಾಮಾನ್ಯ ಕಣವನ್ನು ಕಟ್ಟಿಸಿದರೆ ಧಾನ್ಯವೂ ಶುದ್ಧವಾದೀತು, ಹಬ್ಬಕ್ಕೆ ಸ್ಥಳವೂ ದೊರೆತೀತು.

ಹಕ್ಕಲಿನ ವಿಷಯದಲ್ಲಿ ಯಂತ್ರವೇ ಒಂದು ದಾರಿಯನ್ನು ತೋರಿಸುತ್ತದೆ. ದೊಡ್ಡ ಕೊಯ್ಲಿನ ಯಂತ್ರಕ್ಕೆ ಗದ್ದೆಯ ಮೂಲೆಗಳಲ್ಲಿ ತಿರುಗಲು ಎಡೆಯಿಲ್ಲ. ಅಲ್ಲಿಯ ಬತ್ತವನ್ನು ಮುಂಚೆಯೇ ಕುಡುಗೋಲಿನಿಂದ ಕೊಯ್ಯಬೇಕು, ಇಲ್ಲವೆ ಅದು ಹಾಗೆಯೇ ನಿಲ್ಲುತ್ತದೆ. ಆ ನಾಲ್ಕು ಮೂಲೆಗಳನ್ನು ಕೊಯ್ದವರಿಗೇ ಬಿಡುವುದೆಂದು ಊರಿನ ಜಮೀನುಳ್ಳವರು ಒಪ್ಪಿಕೊಂಡರೆ ಯಾರ ಕಣಜವೂ ಬರಿದಾಗದು. ಈ ಒಪ್ಪಂದವು ಕೊಯ್ಲಿನ ದಿನ ಆಗತಕ್ಕದ್ದಲ್ಲ. ಯಂತ್ರದವನೊಡನೆ ಗಂಟೆಯ ಬಾಡಿಗೆಯನ್ನು ಮಾತಾಡುವಾಗಲೇ, ನಾಟಿಯ ಹೆಂಗಸರ ಮುಂದಾಳನ್ನೂ ಕರೆಸಿ, ಯಾವ ಗದ್ದೆಯ ಮೂಲೆ ಯಾರಿಗೆಂಬುದನ್ನು ಹೆಸರು ಹಿಡಿದು ಹೇಳಿಬಿಡತಕ್ಕದ್ದು.